ಲಾಡಿ ಹೊಲಿಯುವವಳ ಬ್ಲಾಗು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಬಿಸಿನೀರಿನ ಕೊಳವೆಯ ಕೆಳಗೆ ಒಂದು ಹೊಲಿಗೆ ಮಿಷಿನ್ನಿದೆ. ಅದರ ಮುಂದೆ ಹತ್ತೊಂಬತ್ತು ವರ್ಷದಿಂದ ಕೂತಿರುವವಳನ್ನು ಮೇಲಿನ ನಾಲ್ಕು ಮಹಡಿಯವರೂ ಟೈಲರಮ್ಮ ಎಂದೇ ಕರೆಯುತ್ತಾರೆ. ಹರಿದ ಹಾಸಿಗೆ ಬಟ್ಟೆಗೆ ತೇಪೆ ಹಾಕುವುದು, ತೇಪೆಗೂ ಬಗ್ಗದ್ದನ್ನು ಕತ್ತರಿಸಿ ದಿಂಬಿನ ಚೀಲ ಮಾಡುವುದು ಅವಳ ಕೆಲಸ. ಆದರೆ ದಿನದ ಮುಕ್ಕಾಲು ಪಾಲು ಹೋಗುವುದು ಲಾಡಿಗೆ. ರೋಗಿಗಳಿಗೆ ತೊಡಿಸುವ ಗೌನು ಗೊತ್ತಲ್ಲ, ಮುಂದೆಲ್ಲ ಮುಚ್ಚಿ, ಹಿಂದೆಲ್ಲ ತೆರೆದು, ಮೂರು ಜೊತೆ ಲಾಡಿಯ ಮೇಲೆ ಭಾರ ಹಾಕಿ ನಿಂತ ಉಡುಪು. ಒಗೆಯುವ ಯಂತ್ರದಲ್ಲಿ ಮೊದಲು ಕಿತ್ತು ಬರುವುದು ಆ ಲಾಡಿಗಳೇ. ಕಿತ್ತದ್ದನ್ನು ಟೈಲರಮ್ಮ ಹೊಲಿಯುತ್ತಾಳೆ, ಹೊಲಿದದ್ದನ್ನು ಯಂತ್ರ ಕೀಳುತ್ತದೆ. ಇಬ್ಬರಿಗೂ ಕೈತುಂಬ ಕೆಲಸ.

ಅವಳಿಗೆ ಇನ್ನೊಂದು ಹೆಸರೂ ಇತ್ತು, ಕಷ್ಟಸುಖ ಹೇಳಿಕೊಳ್ಳಲು ತಕ್ಕವಳು ಎಂದು. ನರ್ಸುಗಳು, ಕಸ ಗುಡಿಸುವವರು, ಒಮ್ಮೊಮ್ಮೆ ರೋಗಿಯ ಕಡೆಯವರು ಕೂಡ ಮೆಟ್ಟಿಲಿಳಿದು ಬಂದು, ಮಡಿಸಿಟ್ಟ ಬಟ್ಟೆಯ ರಾಶಿಯ ಮೇಲೆ ಕೂತು ಮನಸ್ಸು ಹಗುರ ಮಾಡಿಕೊಳ್ಳುತ್ತಿದ್ದರು. ಎಷ್ಟು ತಾಳ್ಮೆಯಿಂದ ಕೇಳುತ್ತಾಳೆ ಎಂದು ಎಲ್ಲರೂ ಹೊಗಳುವವರೇ. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಕೂತವಳು ಕೇಳದೆ ಇನ್ನೇನು ಮಾಡಿಯಾಳು ಎಂಬ ಗುಟ್ಟು ಅವಳಿಗೂ ಅವಳ ದೇವರಿಗೂ ಮಾತ್ರ ಗೊತ್ತಿತ್ತು. ದಿನಾ ಮಿಷಿನ್ ತುಳಿಯುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ ಅವನನ್ನು ನೆನೆಯುವುದು ಅವಳ ಅಭ್ಯಾಸ. ಬೇಡಿಕೆಯೇನೂ ದೊಡ್ಡದಲ್ಲ, ಸೂಜಿ ಮುರಿಯದಿರಲಿ, ಅಷ್ಟೆ.

ಒಡಹುಟ್ಟಿದ ಅಕ್ಕನೂ ಅವಳಿಗೇ ಹೇಳಿಕೊಂಡಳು. ಅಕ್ಕನೆಂದರೆ ಸಾಮಾನ್ಯದವಳಲ್ಲ, ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿದ ಟೀಚರು. ಬೆರಳಿಗೆ ಪುಡಿ ಹತ್ತಬಾರದೆಂದು ಸೀಮೆಸುಣ್ಣಕ್ಕೆ ಬಟ್ಟೆಚೂರು ಸುತ್ತಿ ಬರೆಯುತ್ತಿದ್ದಳು. ಆ ಬಟ್ಟೆಚೂರುಗಳನ್ನು ಕತ್ತರಿಸಿ ಕೊಡುತ್ತಿದ್ದವಳು ಟೈಲರಮ್ಮನೇ. ನಾಲ್ಕು ತಿಂಗಳ ಹಿಂದೆ ಹೊಟ್ಟೆನೋವೆಂದು ಆಸ್ಪತ್ರೆಗೆ ಬಂದ ಅಕ್ಕನಿಗೆ ಗೌನು ತೊಡಿಸಿ, ಸ್ಕ್ಯಾನ್ ಮುಗಿಸಿ, ಕಾರಿಡಾರಿನ ಉದ್ದನೆಯ ಓಣಿಯಲ್ಲಿ ಎಕ್ಸ್‌ರೇ ಕೋಣೆಗೆ ನಡೆದುಹೋಗಲು ಹೇಳಿದ್ದರು. ಒಂದು ಲಾಡಿ ಇರಲಿಲ್ಲ, ಇನ್ನೊಂದು ಗಂಟು ನಿಲ್ಲಲಿಲ್ಲ. ಎರಡೂ ಕೈ ಹಿಂದೆ ಕಟ್ಟಿ ಗೌನು ಹಿಡಿದುಕೊಂಡು ಹೋಗುತ್ತಿದ್ದಾಗ ಎದುರಿಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದ, ಈಗ ಅಲ್ಲೇ ರಕ್ತ ಪರೀಕ್ಷೆ ಮಾಡುವವನು. ಟೀಚರ್ ಎಂದು ಸಂತೋಷದಿಂದ ಕೈ ಚಾಚಿದ. ಅಕ್ಕ ಕೈ ಕೊಡಲಾಗಲಿಲ್ಲ. ಟೀಚರಿಗೆ ನನ್ನ ಗುರುತು ಸಿಗಲಿಲ್ಲವೇನೋ ಎಂದುಕೊಂಡು ಅವನು ಮುಖ ಸಣ್ಣದು ಮಾಡಿಕೊಂಡು ಹೋದ. ಅವನ ಹೆಸರಿರಲಿ, ಮನೆಯವರ ಹೆಸರೂ ಅಕ್ಕನಿಗೆ ನೆನಪಿತ್ತು.

ಇದನ್ನು ಅಕ್ಕ ತನ್ನ ಅಡುಗೆಮನೆಯಲ್ಲಿ, ಬೆನ್ನು ತಿರುಗಿಸಿ ಲೋಟ ತೊಳೆಯುತ್ತಾ ಹೇಳಿದಳು. ಹೇಳಿ ಮುಗಿಸಿ, ಲೋಟ ಬೋರಲು ಹಾಕಿ, ಬೇರೆ ಮಾತೆತ್ತಿದಳು.

ಟೈಲರಮ್ಮನಿಗೆ ಅದು ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಆ ಗೌನಿನ ಲಾಡಿ ಹೊಲಿದ ಕೈ ತನ್ನದೇ ತಾನೆ. ಆ ವಾರವೇ, ಗಡಿಯಾರ ರಿಪೇರಿ ಮಾಡುವ ಗಂಡನಿಗೆ ಗಂಟುಬಿದ್ದು, ಫೋನಿನಲ್ಲೇ ಬ್ಲಾಗು ಬರೆಯುವುದನ್ನು ಕಲಿತಳು. ರೋಗಿಯ ಮಾನ ಮುಚ್ಚುವ ಗೌನು ಹೇಗಿರಬೇಕು, ಒಂದರ ಮೇಲೊಂದು ಬರುವಂತೆ ಬಟ್ಟೆ ಹೇಗೆ ಕತ್ತರಿಸಬೇಕು, ಎಷ್ಟು ಅಂಗುಲ ಹೆಚ್ಚು ಬೇಕು ಎಂದೆಲ್ಲ ಏಳು ಲೇಖನ ಬರೆದಳು. ಹನ್ನೊಂದು ಸಲ ಓದಲಾಗಿದೆ ಎಂದು ಬ್ಲಾಗು ತೋರಿಸಿತು. ಅದರಲ್ಲಿ ಏಳು ಸಲ ಓದಿದವರು ಗಂಡ. ಉಳಿದ ನಾಲ್ಕು ತಾನೇ ತೆರೆದು ನೋಡಿಕೊಂಡದ್ದಿರಬೇಕು ಎಂಬ ಅನುಮಾನ ಅವಳಿಗೆ. ಹೀಗೆ ಸಮಾಜ ಬದಲಾಗುವ ಹೊತ್ತಿಗೆ ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿಯೂ ಕಣ್ಣಿಗೆ ಉಳಿದಿರುವುದಿಲ್ಲ ಅನಿಸಿತು.

ಎಂಟನೆಯದರಲ್ಲಿ ಅಕ್ಕನ ಕತೆ ಬರೆದಳು.

ಹೆಸರು ಹಾಕಲಿಲ್ಲ. ಒಬ್ಬ ನಿವೃತ್ತ ಶಿಕ್ಷಕಿ ಎಂದಳು. ಅಕ್ಕನ ಪಿತ್ತಕೋಶದ ಕಲ್ಲನ್ನು ಮೂತ್ರಪಿಂಡಕ್ಕೆ ಸಾಗಿಸಿದಳು. ಗುಂಗುರು ಕೂದಲನ್ನು ನೇರ ಮಾಡಿದಳು. ಇನ್ನು ಹೆತ್ತ ತಾಯಿಗೂ ಗುರುತು ಸಿಗದು ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ಆದರೆ ಬರಹಕ್ಕೆ ಜೀವ ಬರಲಿ ಎಂದು ಬಟ್ಟೆ ಸುತ್ತಿದ ಸೀಮೆಸುಣ್ಣವನ್ನು ಮಾತ್ರ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಬರೆಯುವವರ ದುರಾಸೆ ಅಂಥದ್ದು.

ಶನಿವಾರ ಹಾಕಿದ್ದು, ಸೋಮವಾರದ ಹೊತ್ತಿಗೆ ನಾಲ್ಕು ಸಾವಿರ ಜನ ಓದಿದ್ದರು. ಇದು ನಮ್ಮ ಟೀಚರಲ್ಲವೇ, ಸೀಮೆಸುಣ್ಣಕ್ಕೆ ಬಟ್ಟೆ ಸುತ್ತುತ್ತಿದ್ದವರು, ಎಂದು ಮೊದಲನೆಯವನು ಬರೆದಿದ್ದ. ಅವನ ಹಿಂದೆ ಮೂವತ್ತೈದು ವರ್ಷ ಅಕ್ಕ ಪಾಠ ಹೇಳಿದ ಮಕ್ಕಳೆಲ್ಲ ಸಾಲುಗಟ್ಟಿ ಬಂದರು. ಪಾಪ ಟೀಚರ್ ಎಂದರು, ಕಣ್ಣೀರು ಬಂತು ಎಂದರು. ಒಬ್ಬೊಬ್ಬರೂ ಪ್ರೀತಿಯಿಂದಲೇ ಬರೆದಿದ್ದರು. ಆದರೆ ಒಬ್ಬೊಬ್ಬರೂ ಟೀಚರನ್ನು ಆ ಓಣಿಯಲ್ಲಿ, ಆ ಗೌನಿನಲ್ಲಿ, ಹಿಂದಿನಿಂದ ಕಂಡಿದ್ದರು.

ಅದು ಹೊಳೆಯುವಷ್ಟು ಬುದ್ಧಿ ಟೈಲರಮ್ಮನಿಗೆ ಆಗ ಎಲ್ಲಿತ್ತು? ಹೆಡ್ ಸಿಸ್ಟರು ಲೇಖನವನ್ನು ಅಚ್ಚು ಹಾಕಿಸಿ ಲಿಫ್ಟಿನ ಪಕ್ಕ ಅಂಟಿಸಿದ್ದರು. ಆಡಳಿತಾಧಿಕಾರಿಗಳು ಮೊದಲ ಬಾರಿಗೆ ನೆಲಮಾಳಿಗೆಗೆ ಇಳಿದು ಬಂದು, ಕೊಳವೆಗೆ ತಲೆ ತಾಗಿಸಿಕೊಂಡು, ಹೊಸ ಗೌನಿನ ಮಾದರಿ ಹೊಲಿದು ತೋರಿಸಲು ಹೇಳಿ ಹೋಗಿದ್ದರು. ಟೈಲರಮ್ಮನ ಕಾಲು ನೆಲದ ಮೇಲಿರಲಿಲ್ಲ. ಅಂದು ಪ್ರಾರ್ಥನೆಯಲ್ಲಿ ದೇವರಿಗೂ ಓದುಗರ ಸಂಖ್ಯೆ ತಿಳಿಸಿದಳು.

ಮಂಗಳವಾರ ಭಾವ ಫೋನು ಮಾಡಿದರು. ಮುಂದಿನ ವಾರ ಗುರುವಾರಕ್ಕೆ ಗೊತ್ತಾಗಿದ್ದ ಆಪರೇಷನ್ ಬೇಡ ಎನ್ನುತ್ತಿದ್ದಾಳೆ ನಿನ್ನ ಅಕ್ಕ ಎಂದರು. ಆ ಆಸ್ಪತ್ರೆಯ ಬಾಗಿಲು ತುಳಿಯುವುದಿಲ್ಲವಂತೆ. ರಾತ್ರಿಯೆಲ್ಲ ನೋವಿಗೆ ಮುದುಡಿಕೊಂಡಿದ್ದಳಂತೆ. ಇನ್ನೂ ತಡ ಮಾಡಿದರೆ ಕಲ್ಲು ನಾಳದಲ್ಲಿ ಸಿಕ್ಕಿ ಜೀವಕ್ಕೇ ಅಪಾಯ ಬರಬಹುದೆಂದು ಡಾಕ್ಟರು ಹೇಳಿದ್ದಾರೆ, ನೀನಾದರೂ ಹೇಳು, ಎಂದರು. ಯಾಕೆಂದು ಅವರಿಗೆ ತಿಳಿದಿರಲಿಲ್ಲ. ಟೈಲರಮ್ಮನಿಗೆ ತಿಳಿಯಿತು. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು. ಇಡೀ ದಿನ ಮತ್ತೆ ಕಚ್ಚಲಿಲ್ಲ.

ಮೊದಲು ಲೇಖನ ಅಳಿಸಿದಳು. ಲಿಫ್ಟಿನ ಪಕ್ಕದ ಹಾಳೆಯನ್ನು ಉಗುರಿನಿಂದ ಕೆರೆದು ತೆಗೆದಳು. ಆಮೇಲೆ ಅಕ್ಕನಿಗೆ ಕ್ಷಮಾಪಣೆ ಬರೆಯಲು ಕೂತಳು. ಅದು ನಾಲ್ಕು ಪುಟವಾಯಿತು. ಬರಹಗಾರರ ಹೊಣೆ ಎಂಬ ಬಗ್ಗೆಯೇ ಒಂದು ಪುಟ. ಗಂಡ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ ಅಷ್ಟನ್ನೂ ಓದಿದರು.

"ಇದು ನಿಮ್ಮಕ್ಕನಿಗೆ ಬರೆದಿದ್ದಾ, ನಿನ್ನ ಓದುಗರಿಗಾ?" ಎಂದು ಕೇಳಿ ಮತ್ತೆ ಗಡಿಯಾರದೊಳಗೆ ಬಗ್ಗಿದರು.

ಬೇರೆ ಬರೆಯುವ ಧೈರ್ಯ ಸಾಲದೆ ಅದನ್ನೇ ತೆಗೆದುಕೊಂಡು ಹೋದಳು. ಅಕ್ಕ ಕುರ್ಚಿಯಲ್ಲಿ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತಿದ್ದಳು. ಹಾಳೆಗಳನ್ನು ತೆಗೆದುಕೊಂಡು, ಮೇಜಿನ ಮೇಲಿದ್ದ ಕೆಂಪು ಪೆನ್ನಿನಿಂದ ಸಾಲು ಸಾಲೇ ಹೊಡೆದುಹಾಕುತ್ತಾ ಹೋದಳು. ಮೂರನೆಯ ಪುಟದ ಕೊನೆಯಲ್ಲಿ ಪೆನ್ನು ನಿಂತಿತು. ನಿನ್ನ ಒಪ್ಪಿಗೆ ಪಡೆಯದೆ ಬರೆದೆ, ತಪ್ಪಾಯಿತು, ಎಂದಿತ್ತು ಅಲ್ಲಿ. ಅದೊಂದನ್ನು ಉಳಿಸಿ, ಹಾಳೆಗಳನ್ನು ವಾಪಸು ಕೊಟ್ಟಳು.

"ನಿನಗೆ ಹೇಳಿದ್ದು ಕಣೇ ನಾನು," ಎಂದಳು. "ನಿನಗೆ ಅಂದ್ರೆ ನಿನಗೆ."

ಟೈಲರಮ್ಮ ತಲೆ ತಗ್ಗಿಸಿದಳು. ನನ್ನ ಮೇಲಿನ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡ ಎಂದು ಬೇಡಿಕೊಂಡಳು. ಬೇಕಾದರೆ ನಾನು ಬರೆಯುವುದನ್ನೇ ಬಿಟ್ಟುಬಿಡುತ್ತೇನೆ, ನೀನು ಗುರುವಾರ ಬಾ, ಎಂದಳು. ಅಕ್ಕ ಅವಳನ್ನು ನೋಡಿದಳು, ಕೊನೆಯ ಬೆಂಚಿನ ಹುಡುಗಿಯನ್ನು ನೋಡಿದ ಹಾಗೆ.

"ಹತ್ತೊಂಬತ್ತು ವರ್ಷ ಆ ಗೌನು ಹೊಲಿದೆಯಲ್ಲ. ಒಂದು ಸಲನಾದ್ರೂ ತೊಟ್ಟು ನಡೆದಿದ್ದೀಯೇನೇ?"

ನಡೆದಿರಲಿಲ್ಲ. ಅಳತೆಗೆಂದು ಭುಜಕ್ಕೆ ಹಿಡಿದುಕೊಂಡದ್ದುಂಟು, ಅದೂ ಸೀರೆಯ ಮೇಲೆ. ಊರಿಗೆಲ್ಲ ಎಂಟು ಲೇಖನ ಬರೆದವಳಿಗೆ ಆ ಗೌನಿನ ಒಳಗೆ ಏನಿದೆ ಎಂಬುದು ಗೊತ್ತಿರಲಿಲ್ಲ.

ಅಕ್ಕ ಹೇಳಿದ್ದು ಇಷ್ಟೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ, ಓಣಿ ತುಂಬಿರುವಾಗ, ಅದೇ ಗೌನು ತೊಟ್ಟು ಸ್ಕ್ಯಾನಿನ ಬಾಗಿಲಿನಿಂದ ಎಕ್ಸ್‌ರೇ ಬಾಗಿಲಿನವರೆಗೆ ನಡೆ. ಕಂಕುಳಲ್ಲಿ ಫೈಲು ಇರಲಿ, ನನ್ನ ಕಂಕುಳಲ್ಲೂ ಇತ್ತು. ನಾನು ಬಂದು ಬೆಂಚಿನ ಮೇಲೆ ಕೂತಿರ್ತೀನಿ. ಗುರುವಾರದ ಮಾತು ಆಮೇಲೆ.

ಸೋಮವಾರ ಟೈಲರಮ್ಮ ಬಟ್ಟೆ ಬದಲಿಸುವ ಕೋಣೆಯಲ್ಲಿ ದೇವರೊಂದಿಗೆ ಸ್ವಲ್ಪ ಚೌಕಾಸಿ ಮಾಡಿದಳು. ಓಣಿ ಖಾಲಿ ಮಾಡಿಸು ಎಂದು ಕೇಳಿದಳು, ಆಗದಿದ್ದರೆ ಹೋಗಲಿ, ವಿದ್ಯುತ್ತಾದರೂ ಹೋಗಲಿ. ವಿದ್ಯುತ್ತು ಹೋಗಲಿಲ್ಲ. ಒಳಉಡುಪು ಬಿಟ್ಟು ಉಳಿದದ್ದೆಲ್ಲ ತೆಗೆದಿಡಬೇಕೆಂಬ ನಿಯಮವನ್ನು ಹೆಡ್ ಸಿಸ್ಟರು ಅವಳಿಗೂ ಗಂಭೀರವಾಗಿ ಓದಿ ಹೇಳಿದರು. ಮೇಲಿನ ಲಾಡಿ ಕಟ್ಟಿದಳು. ನಡುವಿನದನ್ನು ಕಟ್ಟಲು ಎಳೆದಾಗ ಅದು ಕೈಗೇ ಬಂತು. ತಿರುಗಿಸಿ ನೋಡಿದರೆ ನೀಲಿ ದಾರ, ಬಿಳಿ ದಾರ ಮುಗಿದಿದ್ದ ದಿನ ತಾನೇ ಹೊಲಿದದ್ದು. ಬೇರೆ ಯಾರನ್ನು ಬೈಯಲಿ?

ಬಾಗಿಲು ತೆರೆದು ಓಣಿಗೆ ಬಂದಾಗ ಮೊದಲು ತಿಳಿದದ್ದು ಗಾಳಿ. ಲಿಫ್ಟಿನ ಬಾಗಿಲ ಸಂದಿಯಿಂದ ಬರುವ ಆ ತಣ್ಣನೆಯ ಗಾಳಿ ಎಂಟು ಲೇಖನದಲ್ಲಿ ಒಂದರಲ್ಲೂ ಇರಲಿಲ್ಲ. ಎರಡನೆಯದು, ಹಿಂದೆ ಹಿಡಿದ ಕೈ ಹತ್ತು ಹೆಜ್ಜೆಯಲ್ಲೇ ಸೋಲುತ್ತದೆ ಎಂಬುದು. ಬೆಂಚಿನ ಮೇಲಿನ ಜನ ಯಾರೂ ನಗಲಿಲ್ಲ. ನೋಡಬಾರದೆಂದು ಒಬ್ಬೊಬ್ಬರೂ ಗೋಡೆ, ಚಾವಣಿ, ತಮ್ಮ ಚಪ್ಪಲಿ ಹೀಗೆ ಸಿಕ್ಕಿದ್ದನ್ನು ನೋಡತೊಡಗಿದರು. ನಕ್ಕಿದ್ದರೇ ವಾಸಿ ಅನಿಸಿತು. ರಕ್ತ ಪರೀಕ್ಷೆಯವನು ಎದುರಿಗೆ ಬಂದು, ಬೆಚ್ಚಿ, ಬೆಂಕಿ ಆರಿಸುವ ಸಿಲಿಂಡರಿನ ಮೇಲಿನ ಸೂಚನೆಗಳನ್ನು ಪರೀಕ್ಷೆಗೆ ಓದುವವನ ಹಾಗೆ ಓದುತ್ತಾ ನಿಂತುಬಿಟ್ಟ.

ಅರ್ಧ ದಾರಿಯಲ್ಲಿ ಕಂಕುಳಲ್ಲಿ ಸಿಕ್ಕಿಸಿದ್ದ ಫೈಲು ಜಾರಿ ನೆಲಕ್ಕೆ ಬಿತ್ತು. ಟೈಲರಮ್ಮ ಅದನ್ನು ನೋಡಿದಳು. ಬಗ್ಗುವ ಹಾಗಿಲ್ಲ. ಕೂರುವ ಹಾಗಿಲ್ಲ. ಬಿಟ್ಟು ಹೋದರೆ ಅಕ್ಕನ ಷರತ್ತು ಮುರಿಯುತ್ತದೆ. ಐವತ್ತೆರಡು ವರ್ಷದ ಹೆಂಗಸು, ನಾಲ್ಕು ಸಾವಿರ ಓದುಗರನ್ನು ಕಂಡವಳು, ಒಂದು ಕಾಗದದ ಫೈಲಿನ ಮುಂದೆ ಅಳುವ ಸ್ಥಿತಿಗೆ ಬಂದು ನಿಂತಳು. ಈ ಗೌನಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ ದೇವರೇ, ಎಂದಳು ಮನಸ್ಸಿನಲ್ಲೇ. ಆ ವಾರ ಅವಳು ಚೌಕಾಸಿ ಇಲ್ಲದೆ ಮಾಡಿದ ಪ್ರಾರ್ಥನೆ ಅದೊಂದೇ.

ಬೆಂಚು ಕಿರುಗುಟ್ಟಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ಎದ್ದು ಬಂದಳು. ಮೆಲ್ಲಗೆ ಕೂತು ಫೈಲು ಎತ್ತಿಕೊಂಡಳು. ಆಮೇಲೆ ತಂಗಿಯ ಹಿಂದೆ, ಒಂದೇ ಗೇಣು ದೂರದಲ್ಲಿ ನಿಂತಳು.

"ಕೈ ಬಿಡು," ಎಂದಳು. "ನಾನಿದ್ದೀನಿ. ನಡಿ."

ಉಳಿದ ಅರ್ಧ ಓಣಿಯನ್ನು ಇಬ್ಬರೂ ಒಬ್ಬರ ಹಿಂದೊಬ್ಬರು ನಡೆದರು, ಚಿಕ್ಕಂದಿನಲ್ಲಿ ಒಂದೇ ಕೊಡೆಯಲ್ಲಿ ಶಾಲೆಗೆ ಹೋಗುತ್ತಿದ್ದ ಹಾಗೆ. ಎಕ್ಸ್‌ರೇ ಬಾಗಿಲಿನ ಹತ್ತಿರ ಅಕ್ಕನಿಗೆ ನೋವು ಹೆಚ್ಚಾಗಿ ತಂಗಿಯ ಭುಜ ಹಿಡಿದುಕೊಂಡಳು. ಆಗ ಯಾರು ಯಾರಿಗೆ ಆಸರೆಯಾಗಿದ್ದರೋ ಬೆಂಚಿನವರಿಗೆ ತಿಳಿಯುವಂತಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಟೈಲರಮ್ಮ ತನ್ನ ಹೊಸ ಮಾದರಿಯನ್ನು ಮುಜುಗರದಿಂದಲೇ ತೆಗೆದು ತೋರಿಸಿದಳು. ಒಂದರ ಮೇಲೊಂದು ಬರುವ ಬಟ್ಟೆ, ಎಡಪಕ್ಕೆಯಲ್ಲಿ ಅಂದವಾದ ಗಂಟು. ಅಕ್ಕ ಅದನ್ನು ತಿರುವಿ ನೋಡಿ, ಒಂದು ಕೈಗೆ ಡ್ರಿಪ್ಪಿನ ಸೂಜಿ ಚುಚ್ಚಿರುವವರು ಈ ಗಂಟು ಹೇಗೆ ಹಾಕಬೇಕು ಎಂದು ಕೇಳಿದಳು. ಅದನ್ನೂ ಟೈಲರಮ್ಮ ಯೋಚಿಸಿರಲಿಲ್ಲ. ಒತ್ತಿದ್ರೆ ಕೂರೋ ಟಿಚ್ ಬಟನ್ ಹಾಕು, ಒಂದೇ ಕೈಗೆ ಸಿಗೋ ಹಾಗೆ, ಎಂದಳು ಅಕ್ಕ. ಲೋಹದ್ದಾದರೆ ಎಕ್ಸ್‌ರೇಗೆ ಆಗದು, ಪ್ಲಾಸ್ಟಿಕ್ಕಿನದೇ ಇರಲಿ ಎಂದು ಬಾಗಿಲಾಚೆಯಿಂದ ರಕ್ತ ಪರೀಕ್ಷೆಯವನ ದನಿ ಕೇಳಿತು. ಸಿಲಿಂಡರಿನ ಸೂಚನೆ ಓದಿ ಮುಗಿದಿತ್ತೆಂದು ಕಾಣುತ್ತದೆ.

ಮೂರು ದಿನದಲ್ಲಿ ಟೈಲರಮ್ಮ ಎರಡು ಸಲ ಹೊಲಿದು, ಎರಡು ಸಲ ಬಿಚ್ಚಿ, ಪ್ರತಿಸಲವೂ ತಾನೇ ತೊಟ್ಟು, ಬಲಗೈಯನ್ನು ಕಟ್ಟಿಹಾಕಿಕೊಂಡು ಎಡಗೈಯಲ್ಲಿ ಬಟನ್ ಹಾಕಿ ನೋಡಿದಳು. ಗಂಡ ಈ ಅವತಾರ ಕಂಡು ಅಂಗಡಿಗೆ ಬೇಗನೆ ಹೊರಟುಬಿಡುತ್ತಿದ್ದರು.

ಗುರುವಾರ ಅಕ್ಕ ಬಂದಳು. ಹೊಸ ಗೌನು ತೊಟ್ಟು ಅದೇ ಓಣಿಯಲ್ಲಿ ನಡೆದಳು, ಎರಡೂ ಕೈ ಬೀಸಿಕೊಂಡು. ರಕ್ತ ಪರೀಕ್ಷೆಯವನು ಈ ಸಲ ಕೈ ಚಾಚುವುದೋ ಬೇಡವೋ ಎಂದು ತಡವರಿಸಿದ. ಅಕ್ಕ ಅವನ ಹೆಸರು ಹಿಡಿದು ಕರೆದು, ಫೈಲನ್ನು ಅವನ ಕೈಗೆ ಕೊಟ್ಟು, ಖಾಲಿಯಾದ ಎರಡೂ ಕೈಯಿಂದ ಅವನ ಕಾಲರು ಸರಿಮಾಡಿ ಮುಂದೆ ಹೋದಳು. ಟೈಲರಮ್ಮ ಹೊರಗೆ ಬೆಂಚಿನ ಮೇಲೆ ಕೂತು ಎರಡು ತಾಸು ಪ್ರಾರ್ಥಿಸಿದಳು. ನಡುನಡುವೆ ಪ್ರಾರ್ಥನೆಯ ಜಾಗದಲ್ಲಿ ಲೇಖನದ ಸಾಲುಗಳು ಬಂದವು. ಪ್ರತಿಸಲವೂ ಕೆನ್ನೆ ಬಡಿದುಕೊಂಡಳು. ಬಡಿದುಕೊಂಡು, ಮರೆತುಹೋಗಬಾರದೆಂದು ಚೀಟಿಯಲ್ಲಿ ಗುರುತು ಹಾಕಿಕೊಂಡಳು.

ಸಂಜೆ ಅಕ್ಕ ಕಣ್ಣು ಬಿಟ್ಟಳು. ಮೊದಲು ಅವಳ ಕೈ ಪಕ್ಕೆಯನ್ನು ಸವರಿ ಬಟನ್‌ಗಳನ್ನು ಎಣಿಸಿತು. ಐದೂ ಹಾಕಿಯೇ ಇದ್ದವು. ಆಮೇಲೆ ಟೈಲರಮ್ಮನ ಕಡೆ ತಿರುಗಿ, ಒಣಗಿದ ತುಟಿಯಲ್ಲೇ ಕೇಳಿದಳು.

"ಬರೆದಿದ್ದೀಯ ತಾನೆ?"

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಟೈಲರಮ್ಮ ಚೀಟಿ ತೆಗೆದು ಮೆಲುದನಿಯಲ್ಲಿ ಓದಿದಳು. ಅಕ್ಕನ ಓಣಿ, ಅಕ್ಕನ ಧೈರ್ಯ, ಅಕ್ಕನ ನಡಿಗೆ ಎಂದು ಹದಿನೈದು ಸಾಲು. ತನ್ನ ಸೋಮವಾರದ ನಡಿಗೆಯ ಬಗ್ಗೆ ಎರಡು ಸಾಲು, ಅದರಲ್ಲಿ ಬಿದ್ದ ಫೈಲಿನ ಸುದ್ದಿಯೇ ಇರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

"ನಿನ್ನದನ್ನ ಉದ್ದ ಮಾಡು," ಎಂದಳು ಕೊನೆಗೆ. "ನನ್ನದನ್ನ ಗಿಡ್ಡ ಮಾಡು. ಆಮೇಲೆ ತಂದು ತೋರಿಸು."

ಉದ್ದ ಮಾಡುವುದು, ಗಿಡ್ಡ ಮಾಡುವುದು ಟೈಲರಮ್ಮನಿಗೆ ಗೊತ್ತಿದ್ದ ಕೆಲಸವೇ. ಚೀಟಿ ಮಡಿಸಿಟ್ಟು, ಅಕ್ಕನ ಹೊದಿಕೆ ಸರಿಮಾಡಿ, ಫೈಲು ಬಿದ್ದ ಕಡೆಯಿಂದ ಶುರುಮಾಡಬೇಕು ಅಂದುಕೊಂಡಳು.