ಓದಿ ಹೇಳು ಅಂದ ಅಜ್ಜಿ

ಅಜ್ಜಿಯ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಸೌದೆ ಹೊರೆ ಹೊತ್ತು ಕಾಡಿನಿಂದ ಇಳಿಯುವಾಗ ಕಾವಲಿನವನೊಬ್ಬ ಓಲೆಗೆ ಕೈಹಾಕಿ ಎಳೆದಿದ್ದನಂತೆ. ದೂರು ಕೊಡಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಯಾರ್ಗವ್ವ ಕೊಡದು? ಅವ್ರವ್ರೆಲ್ಲ ಒಂದೇ ಬೆಂಚ್ನಲ್ಲಿ ಟೀ ಕುಡಿಯೋರು" ಅಂದಿದ್ದಳು.

ಮಾಗಡಿ ಕಡೆಯ ಠಾಣೆಯೊಂದರಲ್ಲಿ ನಾನು ಆಗಷ್ಟೇ ಕಾನ್‌ಸ್ಟೆಬಲ್ ಆಗಿದ್ದೆ. ಇಡೀ ಠಾಣೆಗೆ ನಾನೊಬ್ಬಳೇ ಹೆಣ್ಣು. ಅಜ್ಜಿ ಗುಡ್ಡದ ಬುಡದಲ್ಲಿದ್ದ, ಕಾಡನ್ನೇ ನಂಬಿ ಬದುಕುವ ಇರುಳಿಗ ಬುಡಕಟ್ಟಿನವರ ದೊಡ್ಡಿಯವಳು; ದೊಡ್ಡಿ ಅಂದರೆ ಹತ್ತಾರು ಗುಡಿಸಲ ಹಟ್ಟಿ. ಸಂತೆಗೆ ಪೊರಕೆ ತರುತ್ತಿದ್ದಳು. ಕೊಳ್ಳುವವರ ಕಾಲ ಬಳಿ ತಾನೇ ಎರಡು ಸಲ ಗುಡಿಸಿ ತೋರಿಸದೆ ಒಂದು ಪೊರಕೆಯನ್ನೂ ಕೊಟ್ಟವಳಲ್ಲ.

ಮಾವಿನ ಕೊಯ್ಲಿನ ಕಾಲದ ಒಂದು ಬೆಳಿಗ್ಗೆ ಅಜ್ಜಿ ಮಗಳನ್ನು ತೋಳಲ್ಲಿ ಆತುಕೊಂಡು ಠಾಣೆಗೆ ಬಂದಳು. ಹುಡುಗಿಯ ತುಟಿ ಒಡೆದಿತ್ತು, ರವಿಕೆ ಹರಿದಿತ್ತು. ಅವಳು ಕೂಲಿಗೆ ಹೋಗಿದ್ದ ಮಾವಿನ ತೋಟದ ಮೇಸ್ತ್ರಿ ಅವಳನ್ನು ಶೆಡ್ಡಿಗೆ ಎಳೆದೊಯ್ದು ಬಲಾತ್ಕಾರ ಮಾಡಿದ್ದ.

ಅಷ್ಟರಲ್ಲಿ ತೋಟದ ಯಜಮಾನರ ಫೋನು ಬಂದಾಗಿತ್ತು. ದಫೇದಾರರು ಸರಸರನೆ ಏನೋ ಬರೆದು, ಹೆಬ್ಬೆಟ್ಟು ಒತ್ತು ಎಂದರು. ಮಸಿ ಹಚ್ಚಿಕೊಂಡ ಅಜ್ಜಿ ನನ್ನ ಕಡೆ ತಿರುಗಿದಳು.

"ನೀನು ಓದಿದೋಳಲ್ವಾ ಮಗಾ? ಏನ್ ಬರ್ದವ್ರೆ, ಒಸಿ ಓದಿ ಹೇಳು."

ದಫೇದಾರರು ನನ್ನನ್ನೇ ದುರುಗುಟ್ಟಿ ನೋಡಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆದರೂ ಓದಿದೆ: 'ಮಾವಿನ ಮರದಿಂದ ಜಾರಿ ಬಿದ್ದು ಪೆಟ್ಟಾಗಿರುತ್ತದೆ.'

ಅಜ್ಜಿ ಬೆರಳಿನ ಮಸಿಯನ್ನು ಸೀರೆಗೆ ಒರೆಸಿಕೊಂಡಳು. "ಮರ ಹತ್ತದು ಇರುಳಿಗರಿಗೆ ಯಾರಾದ್ರೂ ಕಲಿಸ್ಬೇಕಾ ಸಾಮಿ? ನನ್ ಮಗ್ಳು ಬಿದ್ದಿಲ್ಲ. ಅವ್ನು ಕೆಡವವ್ನೆ. ಅಂಗೇ ಬರೀರಿ."

ಮೂರು ದಿನ ತಾಯಿ ಮಗಳು ಠಾಣೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ದೊಡ್ಡಿಯ ಹೆಂಗಸರೂ ಬಂದು ಜೊತೆಗೆ ಕೂತರು. ಕೊನೆಗೆ ಇನ್‌ಸ್ಪೆಕ್ಟರ್ ಸಾಹೇಬರು ದೂರನ್ನು ಹೊಸದಾಗಿ ಬರೆಸಿದರು. ಹುಡುಗಿಯನ್ನು ಆಸ್ಪತ್ರೆಗೆ ಕಳಿಸುವ ಹೊತ್ತಿಗೆ ತಪಾಸಣೆಯಲ್ಲಿ ಸಾಕ್ಷಿ ಸಿಗುವ ಕಾಲ ಮೀರಿತ್ತು. ಓದಿ ಹೇಳಿದ್ದಕ್ಕೆ ನನಗೆ ಆರು ತಿಂಗಳು ಹೆದ್ದಾರಿಯ ಬಿಸಿಲಲ್ಲಿ ಬಂದೋಬಸ್ತು ಬಿತ್ತು.

ಕೇಸು ಐದು ವರ್ಷ ಎಳೆಯಿತು. ತೋಟದ ಆಳುಗಳು ಒಬ್ಬೊಬ್ಬರಾಗಿ ಹೇಳಿಕೆ ಬದಲಾಯಿಸಿದರು. ಮೇಸ್ತ್ರಿ ಬಿಡುಗಡೆಯಾದ. ಆ ದಿನ ರಾಮನಗರದ ಕೋರ್ಟಿನ ಜಗಲಿಯಲ್ಲಿ ನಾನು ತಲೆ ತಗ್ಗಿಸಿ ನಿಂತಿದ್ದೆ. ಅಜ್ಜಿ ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. "ಸಾಕಾಯ್ತು ಕಣ್ ಮಗಾ. ಮಾಗಡಿ ಬಸ್ಸು ಎಷ್ಟೊತ್ಗೈತೆ?" ಎಂದಷ್ಟೇ ಕೇಳಿದಳು.

ಅಜ್ಜಿ ತೀರಿಕೊಂಡದ್ದು ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ. ದೊಡ್ಡಿಗೆ ಹೋದೆ. ಮಗಳು ಚಾಪೆ ಹಾಸಿ ಕೂರಿಸಿದಳು. ಮದುವೆಯಾಗಿ ಎರಡು ಮಕ್ಕಳ ತಾಯಿಯಾಗಿದ್ದಳು. "ಅವ್ವಂಗೆ ನಿಮ್ಮೆಸ್ರೇ ಗೊತ್ತಿರ್ಲಿಲ್ಲ. ಓದೇಳಿದ್ ಪೊಲೀಸವ್ವ ಅಂತಿದ್ಲು" ಎಂದಳು.

ಈಗ ಇನ್ನೆರಡು ವರ್ಷಕ್ಕೆ ನನಗೆ ನಿವೃತ್ತಿ. ಅಜ್ಜಿಯ ಮಗಳಂಥ ಎಷ್ಟೋ ಹೆಣ್ಣುಮಕ್ಕಳು ನನ್ನೆದುರು ಕೂತು ಹೋಗಿದ್ದಾರೆ. ಅವರಲ್ಲಿ ಎಷ್ಟು ಜನಕ್ಕೆ ನ್ಯಾಯ ಸಿಕ್ಕಿತು ಎಂದು ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಬರೆದದ್ದನ್ನು ಓದಿ ಹೇಳದೆ ಮಾತ್ರ ನಾನು ಯಾರ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡಿಲ್ಲ.