ಹೀರುವ ಬೇರು, ಹೇರುವ ಬೇರು

ಶಾಲೆಯ ಗೇಟಿನ ಎದುರಿಗಿದ್ದ ಝೆರಾಕ್ಸ್ ಅಂಗಡಿಯ ಟೈಪಿಂಗ್ ಅಕ್ಕನಿಗೆ ವಿದ್ಯಾವಂತರ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ಎಂಟನೇ ತರಗತಿಯಲ್ಲಿ ಬಾಯಿಪಾಠ ಒಪ್ಪಿಸಲಾರದೆ ಶಾಲೆ ಬಿಟ್ಟವಳು ಅವಳು. ಇಪ್ಪತ್ತೆರಡು ವರ್ಷಗಳಿಂದ ಮೇಷ್ಟ್ರುಗಳ ಕೋಳಿಕಾಲು ಅಕ್ಷರ ಓದಿ, ಅವರ ಕಾಗುಣಿತ ತಿದ್ದಿ, ಟೈಪು ಮಾಡಿ ಕೊಡುತ್ತಿದ್ದವಳೂ ಅವಳೇ. ಹೋಟೆಲಿನ ಅಡುಗೆಮನೆ ನೋಡಿದವರು ಅಲ್ಲಿ ಊಟಕ್ಕೆ ಕೂರುವುದಿಲ್ಲ. ಅವಳು ಶಿಕ್ಷಣದ ಅಡುಗೆಮನೆ ನೋಡಿದ್ದಳು.

ಅಂಗಡಿಗೆ ಹೆಚ್ಚು ಕೆಲಸ ತರುತ್ತಿದ್ದವರು ನೋಟ್ಸ್ ಮೇಷ್ಟ್ರು. ಏಳನೇ ತರಗತಿಯ ವಿಜ್ಞಾನಕ್ಕೆ ಅವರು ಬರೆದ ಪ್ರಶ್ನೋತ್ತರವನ್ನೇ ಸುತ್ತಲಿನ ಹದಿನಾರು ಶಾಲೆಗಳ ಮಕ್ಕಳು ಉರು ಹೊಡೆಯುತ್ತಿದ್ದರು. ಹದಿನಾರಕ್ಕೂ ಒಂದೇ ಪರೀಕ್ಷೆ. ಪ್ರಶ್ನೆಪತ್ರಿಕೆ ಮಾಡುವವರೂ ಮೇಷ್ಟ್ರೇ, ತಿದ್ದುವವರಿಗೆ ಮಾದರಿ ಉತ್ತರ ಕೊಡುವವರೂ ಮೇಷ್ಟ್ರೇ. ಬಾಯಿಪಾಠ ಬೇಡ, ಮಕ್ಕಳು ಚರ್ಚೆ ಮಾಡಿ ಕಲಿಯಲಿ ಎಂದು ಮೇಲಿನಿಂದ ಸುತ್ತೋಲೆ ಬಂದ ವರ್ಷ ಮೇಷ್ಟ್ರು ಚರ್ಚೆಯನ್ನೂ ಬರೆದುಕೊಂಡು ಬಂದರು. ‘ಒಂದನೇ ವಿದ್ಯಾರ್ಥಿ: ಎಲೆ ಹಸಿರಾಗಿರುವುದೇಕೆ? ಎರಡನೇ ವಿದ್ಯಾರ್ಥಿ (ಯೋಚಿಸಿ): ಅದರಲ್ಲಿ ಪತ್ರಹರಿತ್ತು ಇರುವುದರಿಂದ.’

“ಯೋಚಿಸಿ ಅನ್ನೋದನ್ನೂ ಬಾಯಿಪಾಠ ಮಾಡ್ಬೇಕಾ ಸಾರ್?” ಎಂದು ಅಕ್ಕ ಕೇಳಿದ್ದಳು.

“ಅದು ಬ್ರಾಕೆಟ್ಟಲ್ಲಿದೆ ಕಣಮ್ಮ, ಮಾಡೋ ಹಾಗಿಲ್ಲ,” ಎಂದಿದ್ದರು ಮೇಷ್ಟ್ರು, ಗಂಭೀರವಾಗಿ.

ಅಕ್ಕನ ಅಣ್ಣ ಅತ್ತಿಗೆ ಇಬ್ಬರೂ ಪಾಳಿಯ ಕೆಲಸಕ್ಕೆ ಹೋಗುವವರು. ಹಾಗಾಗಿ ಎದುರಿನ ಶಾಲೆಯಲ್ಲೇ ಏಳನೇ ತರಗತಿ ಓದುತ್ತಿದ್ದ ಅವರ ಮಗಳು ಸಂಜೆ ಶಾಲೆ ಬಿಟ್ಟೊಡನೆ ಅತ್ತೆಯ ಅಂಗಡಿಗೆ ಬರುತ್ತಿದ್ದಳು. ಹನ್ನೆರಡರ ಹುಡುಗಿ, ಬೆಂಕಿ ಸುಡುತ್ತದೆ ಅಂದರೂ ಕೈಯಿಟ್ಟು ನೋಡುವ ಜಾತಿ. ಊರನ್ನೆಲ್ಲ ಕಂಡರೆ ಮೂಗು ಮುರಿಯುವ ಅಕ್ಕನಿಗೆ ಜಗತ್ತಿನಲ್ಲಿ ಹೆಮ್ಮೆ ಅನ್ನುವುದಿದ್ದರೆ ಇದೊಂದೇ. ಮನೆತನದಲ್ಲಿ ಒಬ್ಬಳಾದರೂ ಗಿಣಿಯಾಗದೆ ಓದಲಿ ಎಂಬುದು ಅವಳ ಆಸೆ.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ಹುಡುಗಿ ತಂದು ಕೀಲಿಮಣೆಯ ಮೇಲಿಟ್ಟಳು. ‘ಬೇರು ಮಣ್ಣಿನಿಂದ ನೀರನ್ನು ಹೀರುತ್ತದೆ’ ಎಂದು ಬರೆದಿದ್ದಳು. ‘ಹೀರುತ್ತದೆ’ಗೆ ಕೆಂಪು ಸುತ್ತು, ಮೇಲೆ ‘ಹೇರುತ್ತದೆ’ ಎಂಬ ತಿದ್ದುಪಡಿ, ಎರಡು ಅಂಕ ಖೋತಾ.

ಯಾವ ಮುಠ್ಠಾಳ ತಿದ್ದಿದ್ದು ಎಂದು ಗೊಣಗುತ್ತ ಅಕ್ಕ ನೋಟ್ಸಿನ ಫೈಲು ತೆರೆದಳು. ಒಂಬತ್ತು ವರ್ಷದ ಫೈಲು. ಪ್ರತಿವರ್ಷ ಮುಖಪುಟದ ಇಸವಿ ಮಾತ್ರ ಬದಲಾಗುತ್ತಿತ್ತು. ಅಲ್ಲೂ ‘ಹೇರುತ್ತದೆ’ ಎಂದೇ ಇತ್ತು. ಗುಡಿಸಿನ ದೀರ್ಘ ಬೀಳಬೇಕಾದ ಕಡೆ ಏತ್ವ ಬಿದ್ದಿತ್ತು. ಬಿದ್ದಿದ್ದು ಅವಳದೇ ಬೆರಳಿನಿಂದ. ಊರಿನ ಕಾಗುಣಿತ ತಿದ್ದುವವಳ ಕಿವಿ ಬಿಸಿಯಾಯಿತು.

ಅದಕ್ಕಿಂತ ನಾಚಿಕೆಗೇಡಿನ ಸಂಗತಿ ಬೇರೆ ಇತ್ತು. ಒಂಬತ್ತು ವರ್ಷ ಯಾರೂ ಅದನ್ನು ಹಿಡಿದಿರಲಿಲ್ಲ. ಎಲ್ಲರೂ ಅರ್ಥ ಮಾಡಿಕೊಂಡಿದ್ದರು! ಕೂಲಿಯವರು ಲಾರಿಗೆ ಮೂಟೆ ಹೇರುವ ಹಾಗೆ ಬೇರು ಕಾಂಡದ ಮೇಲೆ ನೀರು ಹೇರುತ್ತದೆ ಎಂದು ಹುಡುಗಿಯ ಟೀಚರು ಪಾಠ ಮಾಡಿದ್ದರಂತೆ. ಇನ್ನೊಂದು ಶಾಲೆಯಲ್ಲಿ ಮಕ್ಕಳನ್ನು ಬೇರುಗಳೆಂದು ನಿಲ್ಲಿಸಿ, ಬೆನ್ನ ಮೇಲೆ ನೀರಿನ ಬಾಟಲಿ ಹೇರಿ, ಫೋಟೋ ತೆಗೆದು, ಚಟುವಟಿಕೆ ಎಂದು ಗೋಡೆಗೆ ಅಂಟಿಸಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ.

ಹುಡುಗಿ ಅಳಲಿಲ್ಲ. ಅಂಗಡಿಯ ಕಿಟಕಿಯಲ್ಲಿ ಎರಡು ಲೋಟ ನೀರಿಟ್ಟಳು. ಒಂದರಲ್ಲಿ ಬೇರು ಸಮೇತ ಕಿತ್ತ ಗಿಡ, ಇನ್ನೊಂದರಲ್ಲಿ ಬರೀ ನೀರು. ಎರಡಕ್ಕೂ ಪೆನ್ನಿನ ಗೆರೆ. ವಾರ ಕಳೆಯುವಷ್ಟರಲ್ಲಿ ಗಿಡದ ಲೋಟದಲ್ಲಿ ನೀರು ಎರಡು ಬೆರಳು ಇಳಿದಿತ್ತು, ಇನ್ನೊಂದರಲ್ಲಿ ಇಳಿದೂ ಇಳಿಯದ ಹಾಗಿತ್ತು.

“ಹೀರಿದೆ ಅತ್ತೆ. ವಾರ್ಷಿಕ ಪರೀಕ್ಷೇಲಿ ಯಾವುದು ಬರೀಲಿ?”

ಅವರಿಗೆ ಬೇಕಾದ್ದು ಬರೆದು ಅಂಕ ತಗೋ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಹಾಗಂದರೆ ಈ ಹುಡುಗಿ ಇನ್ನೊಂದು ಸಲ ಲೋಟ ಇಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

“ನೋಡಿದ್ದನ್ನ ಬರಿ,” ಎಂದಳು.

ಮೇಷ್ಟ್ರು ಬಂದಾಗ ಮುಚ್ಚುಮರೆಯಿಲ್ಲದೆ ಹೇಳಿದಳು. “ಸಾರ್, ಅದು ನನ್ನ ಕೈತಪ್ಪು.”

“ಒಂಬತ್ತು ವರ್ಷ ಹದಿನಾರು ಶಾಲೆ ಒಪ್ಪಿದ್ದು ಕೈತಪ್ಪು ಹೇಗಾಗುತ್ತಮ್ಮ? ಈಗ ಬದಲಾಯಿಸಿದ್ರೆ ಇಲ್ಲೀವರೆಗೆ ಪಾಸಾದವರ ಗತಿ ಏನು?”

ಅವಳು ಲೋಟಗಳನ್ನು ತೋರಿಸಿದಳು. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. “ಚೆನ್ನಾಗಿದೆ. ಆದ್ರೆ ಇದು ಸಿಲಬಸ್‌ನಲ್ಲಿಲ್ಲ,” ಎಂದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ವಾರ್ಷಿಕ ಪರೀಕ್ಷೆಗೆಂದು ಅಚ್ಚಾಗಲಿದ್ದ ನೋಟ್ಸಿನ ಹೊಸ ಪ್ರತಿಯಲ್ಲಿ ಅಕ್ಕ ‘ಹೀರುತ್ತದೆ’ ಎಂದೇ ಟೈಪು ಮಾಡಿ ಮೇಷ್ಟ್ರಿಗೆ ಕಳಿಸಿದಳು. ಅದು ಕೆಂಪು ಸುತ್ತು ಹೊತ್ತು ವಾಪಸು ಬಂತು. ಅಂಚಿನಲ್ಲಿ ‘ಟೈಪಿಂಗ್ ದೋಷ, ಎಚ್ಚರವಿರಲಿ’ ಎಂದಿತ್ತು. ಒಂಬತ್ತು ವರ್ಷದಲ್ಲಿ ಮೇಷ್ಟ್ರು ಅವಳ ಕೆಲಸದಲ್ಲಿ ಕಂಡುಹಿಡಿದ ಮೊದಲ ತಪ್ಪು ಅದು.

ಅವಳು ತಿದ್ದಲಿಲ್ಲ. ಎದುರಿನ ಶಾಲೆಯ ಪ್ರತಿಗಳು ಹಾಗೇ ಅಚ್ಚಾಗಿ ಹೋದವು. ವಿಷಯ ತಿಳಿದ ಮೇಷ್ಟ್ರು ಉಳಿದ ಹದಿನೈದು ಶಾಲೆಗಳ ಕೆಲಸವನ್ನು ಪಕ್ಕದ ಅಂಗಡಿಗೆ ಕೊಟ್ಟರು. ಎದುರಿನ ಶಾಲೆಯ ಮಕ್ಕಳು ಅಷ್ಟೇ ಶ್ರದ್ಧೆಯಿಂದ, ಅಷ್ಟೇ ಕಣ್ಣುಮುಚ್ಚಿ ‘ಹೀರುತ್ತದೆ’ಯನ್ನು ಉರು ಹೊಡೆದರು. ಹೀರುವುದನ್ನೂ ಅವರ ಮೇಲೆ ಹೇರಿದ್ದಾಯಿತಲ್ಲ ಎಂದು ಅಕ್ಕನಿಗೆ ಅನ್ನಿಸದೆ ಇರಲಿಲ್ಲ. ತನ್ನ ಮೇಲೇ ಹುಟ್ಟಿದ ಆ ತಾತ್ಸಾರ ಅವಳಿಗೆ ಹೊಸದು.

ಫಲಿತಾಂಶದ ಮರುದಿನ ಏಳು ಜನ ತಂದೆತಾಯಂದಿರು ಅಂಕಪಟ್ಟಿ ಹಿಡಿದು ಅಂಗಡಿಗೆ ನುಗ್ಗಿದರು.

“ನಿಮ್ಮ ಟೈಪಿಂಗ್ ತಪ್ಪಿಂದ ನಮ್ಮ ಮಗೂಗೆ ಎರಡು ಅಂಕ ಹೋಯ್ತು,” ಎಂದ ಒಬ್ಬ.

ತಪ್ಪು ಟೈಪು ಮಾಡಿದ ಒಂಬತ್ತು ವರ್ಷ ಒಬ್ಬರೂ ಬಂದಿರಲಿಲ್ಲ.

ಅವರಲ್ಲೊಬ್ಬ ತಾಯಿ ಹುಡುಗಿಯ ಕಡೆ ತಿರುಗಿದಳು. “ನಿಂಗೂ ಎರಡು ಹೋಯ್ತಂತಲ್ಲ, ಪಾಪ. ಎಲ್ಲ ನಿಮ್ಮತ್ತೆ ಮಾಡಿದ ತಪ್ಪಿಂದ.”

“ತಪ್ಪಲ್ಲ ಆಂಟಿ,” ಎಂದಳು ಹುಡುಗಿ. “ನಾನು ನೋಡಿದೀನಿ.”

ಏನು ನೋಡಿದೆ ಎಂದು ಆ ಏಳು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಲೋಟಗಳು ಅವರ ಮೊಣಕೈ ತಾಗುವಷ್ಟು ಹತ್ತಿರದಲ್ಲೇ ಇದ್ದವು. ಅಂಕಪಟ್ಟಿ ಮಡಚಿಕೊಂಡು, ಎಂಟನೇ ತರಗತಿಯ ನೋಟ್ಸ್ ಬಂದಿದೆಯೇ ಎಂದು ವಿಚಾರಿಸಲು ಎಲ್ಲರೂ ಪಕ್ಕದ ಅಂಗಡಿಗೆ ಹೋದರು.