ಸಾಹೇಬರಿಗೆ ಕೊಟ್ಟ ತಂಬಿಗೆ ನೀರು

ಗೌರಿ, ಮಲ್ಲು,

ಅದಿರಿನ ಊರಿಗೆ ಹೋದ ಮೊದಲ ದಿನ, ಬೆಳಿಗ್ಗೆ ಒಗೆದು ಹರವಿದ್ದ ನನ್ನ ಬಿಳಿ ಸೀರೆ ಮಧ್ಯಾಹ್ನಕ್ಕೆ ಕಾವಿಯಾಗಿತ್ತು. ನಿಮ್ಮ ಅಜ್ಜ ಹೋದ ಮೇಲೆ ನಾನು ಬಣ್ಣ ಉಟ್ಟವಳಲ್ಲ. ಇಲ್ಲಿ ಗಾಳಿಯೇ ಬಂದು ಉಡಿಸಿಬಿಟ್ಟಿತಲ್ಲ ಎಂದು ಸೀರೆ ಹಿಡಿದು ನಿಂತೆ. ಬೇವಿನ ಮರ, ಎಮ್ಮೆಯ ಬೆನ್ನು, ಮಕ್ಕಳ ರೆಪ್ಪೆ ಎಲ್ಲವೂ ಕೆಂಪು. ನಿದ್ದೆಯಲ್ಲಿ ಕಂಡ ಊರಿನ ಹಾಗಿತ್ತು.

ನಿಮ್ಮಪ್ಪನಿಗೆ ಬಳ್ಳಾರಿ ಕಡೆಯ ಗಣಿ ಕಂಪನಿಯೊಂದರಲ್ಲಿ ಲಾರಿ ರಿಪೇರಿಯ ಕೆಲಸ ಸಿಕ್ಕಿತ್ತು. ದುಬಲಗುಂಡಿಯ ಮನೆಗೆ ಬೀಗ ಹಾಕಿ, ಹುಮನಾಬಾದಿನಲ್ಲಿ ನಿಮ್ಮಪ್ಪ, ನಿಮ್ಮವ್ವ, ನಾನು ಬಸ್ಸು ಹತ್ತಿದೆವು. ಗೌರಿ, ನೀನಾಗ ಕೈಗೂಸು, ಮಲ್ಲು ಹುಟ್ಟಿರಲಿಲ್ಲ. ದುಬಲಗುಂಡಿ ಅಲ್ಲಿ ಯಾರಿಗೂ ಗೊತ್ತಿಲ್ಲ. ಬಸವಕಲ್ಯಾಣದ ಹತ್ತಿರ ಎಂದೆ. ಅಂದಿನಿಂದ ನಾನು ‘ಕಲ್ಯಾಣದವ್ವ’. ನಾವು ಚುರುಮುರಿ ನೆನೆಸಿ ಮಾಡುವ ಸುಸಲಾಕ್ಕೆ ಅವರು ಒಗ್ಗರಣೆ ಅನ್ನುತ್ತಾರೆ. ನಮ್ಮ ಎರೆಮಣ್ಣು ಮಳೆಗಾಲದಲ್ಲಿ ಕಾಲು ಹಿಡಿದು ನಿಲ್ಲಿಸುತ್ತದೆ. ಅಲ್ಲಿಯ ಮಣ್ಣು ಹಿಂದೆಯೇ ಮನೆಯೊಳಗೆ ಬರುತ್ತದೆ.

ನೀರೂ ಕೆಂಪೇ. ಗುಡ್ಡ ಅಗೆದ ಮೇಲೆ ಹಳ್ಳ ಹಾಗಾಯಿತೆಂದು ಪಕ್ಕದ ಮನೆಯ ಹನುಮವ್ವ ಹೇಳುತ್ತಿದ್ದಳು. ಸೋಸಿ, ಕಾಯಿಸಿ ಕುಡಿಸಿದರೂ ನಿನ್ನ ಭೇದಿ ನಿಲ್ಲುತ್ತಿರಲಿಲ್ಲ, ಗೌರಿ. ಮಡಿಲಲ್ಲಿ ಅರಳೆಯಷ್ಟು ಹಗುರಾಗಿದ್ದೆ.

ಕಂಪನಿ ಊರಿಗೊಂದು ಸಮುದಾಯ ಭವನ ಕಟ್ಟಿಸುತ್ತದೆ ಎಂಬ ಸುದ್ದಿ ಬಂತು. ಅದರ ಹಣೆಯ ಮೇಲೆ ಕಂಪನಿಯ ಹೆಸರಂತೆ. ಹೆಂಗಸರಿಗೆ ಬೇಕಾಗಿದ್ದುದು ದೂರದ ಹೊಳೆಯಿಂದ ನಲ್ಲಿಯಲ್ಲಿ ಬರುವ ಕುಡಿಯುವ ನೀರು. ಹೇಳುವವರು ಯಾರು? ಗಂಡಸರ ಅನ್ನ ಕಂಪನಿಯಲ್ಲೇ ಇತ್ತು.

ಭವನಕ್ಕೆ ಜಾಗ ನೋಡಲು ಬಂದ ಕಂಪನಿಯ ಸಾಹೇಬರು ಬಿಸಿಲು ತಾಳದೆ ನಮ್ಮ ಕಟ್ಟೆಯ ಮೇಲೆ ಕುಳಿತರು. ಬಂದವರಿಗೆ ಮೊದಲು ನೀರು, ಬೆಲ್ಲ. ನಮ್ಮ ಕಡೆಯ ಪದ್ಧತಿ. ಕಂಪನಿಯವರು ಬಾಟಲಿ ನೀರು ತರುತ್ತಾರೆ, ಊರ ನೀರು ಅವರಿಗೆ ಯಾರೂ ಕೊಡುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ತಲೆ ತುಂಬ ಸೆರಗು ಹೊದ್ದು ಸ್ಟೀಲಿನ ತಂಬಿಗೆ ಮುಂದಿಟ್ಟೆ.

ಸಾಹೇಬರು ಬೆಲ್ಲ ಬಾಯಿಗೆ ಹಾಕಿಕೊಂಡರು. ತಂಬಿಗೆ ಎತ್ತಿ ಒಳಗೆ ನೋಡಿದರು, ಹಾಗೇ ಹಿಡಿದುಕೊಂಡರು. ಬಾಗಿಲಲ್ಲಿ ನಿಂತಿದ್ದ ನಿಮ್ಮಪ್ಪನ ಮುಖ ಬಿಳಿಚಿತು.

“ಕಲ್ಯಾಣದವ್ವ ಕಾಯಿಸ್ಯಾಳ್ರಿ, ಕುಡೀರಿ,” ಅಂದಳು ಹನುಮವ್ವ. “ನಾವು ಕಾಯಿಸದ ಹಂಗ ಕುಡಿತೀವಿ.”

ಅವರು ನನ್ನತ್ತ ನೋಡಿದರು. ಪರಗಂಡಸರ ಎದುರು ನಾನು ಬಾಯಿ ತೆರೆದವಳಲ್ಲ. ಆದರೆ ನೀನು ಕಂಕುಳಲ್ಲಿದ್ದೆ.

“ಬ್ಯಾಡ್ರಿ ಸಾಹೇಬ್ರ, ಕುಡಿಬ್ಯಾಡ್ರಿ,” ಅಂದೆ. “ಈ ಕೂಸಿಗಿ ಆಗಿದ್ದು ನಿಮಗ್ಯಾಕ ಆಗ್ಬೇಕು?”

ಅವರು ತಂಬಿಗೆಯನ್ನು ಮೆಲ್ಲಗೆ ಕೆಳಗಿಟ್ಟರು. ಎದ್ದು ಹೊರಟರು.

ನೌಕರಿ ಹೋಯಿತೆಂದೇ ನಿಮ್ಮಪ್ಪ ಊಟ ಬಿಟ್ಟ. ನೌಕರಿ ಹೋಗಲಿಲ್ಲ. ಭವನ ಮೊದಲು ಎದ್ದಿತು, ಹೆಸರು ಹೊತ್ತುಕೊಂಡು. ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲಿ ನಲ್ಲಿಯೂ ಬಂತು. ಹೊಸ ನೀರಿನ ಮೊದಲ ಕೊಡ ಮುತ್ತೈದೆ ತುಂಬಬೇಕು. ನಾನು ಗೋಡೆಯ ಹಿಂದೆ ನಿಂತಿದ್ದೆ. ಹನುಮವ್ವ ಕೈ ಹಿಡಿದು ಎಳೆದು ತಂದು ಕೊಡ ನನ್ನ ಸೊಂಟಕ್ಕಿಟ್ಟಳು. ನೀರು ಬೆಳ್ಳಗೆ ಬಿತ್ತು. ನೀನು ಅದನ್ನು ಕುಡಿದು ಚೇತರಿಸಿಕೊಂಡೆ.

ಆಮೇಲೆ ಗಣಿ ನಿಂತಿತು, ನಾವು ದುಬಲಗುಂಡಿಗೆ ಮರಳಿದೆವು. ಆ ನಲ್ಲಿಗೆ ಈಗ ನೀರು ಬಿಡುವವರಿದ್ದಾರೋ ಇಲ್ಲವೋ. ಇಲ್ಲಿ ಎಲ್ಲರೂ ನನ್ನವರು, ಮಾತು ನನ್ನದು. ಆದರೂ ಶುಭಕಾರ್ಯಗಳಲ್ಲಿ ನಾನು ಮತ್ತೆ ಗೋಡೆಯ ಹಿಂದೆ. ಹಗ್ಗದ ಮೇಲೆ ಸೀರೆ ಸಂಜೆಯವರೆಗೂ ಬಿಳಿಯಾಗಿಯೇ ಉಳಿದರೆ ಏನೋ ಮರೆತಂತಾಗುತ್ತದೆ.

ಆ ಕಾವಿ ಸೀರೆ ನಾನು ಮತ್ತೆ ಒಗೆಯಲಿಲ್ಲ. ಟ್ರಂಕಿನಲ್ಲಿದೆ. ಈ ಹಾಳೆಗಳನ್ನು ಅದರ ಮಡಿಕೆಯೊಳಗೇ ಜೋಪಾನವಾಗಿಡಿ. ಕೆಂಪು ಹತ್ತಿದರೆ ಹತ್ತಲಿ.